ಪ್ರೌಢಶಾಲೆಯಲ್ಲಿ ಓದು ಕಲಿಸುವುದು: ಯಾವ ಮಗುವಿಗೆ ಯಾವ ವಿಧಾನ?

ಎಂಟನೇ ತರಗತಿಗೆ ಬಂದವರಿಗೆಲ್ಲ ಓದಲು ಬರುತ್ತದೆ ಎಂದುಕೊಂಡೇ ನಮ್ಮ ಪ್ರೌಢಶಾಲೆಗಳ ಪಠ್ಯಪುಸ್ತಕ, ವೇಳಾಪಟ್ಟಿ, ಪರೀಕ್ಷೆಗಳೆಲ್ಲ ತಯಾರಾಗಿವೆ. 2023ರಲ್ಲಿ, ಮಕ್ಕಳ ಕಲಿಕೆಯ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆಯವರು ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಕೈಗೆ ಅವರವರ ಪ್ರಾದೇಶಿಕ ಭಾಷೆಯಲ್ಲೇ ಎರಡನೇ ತರಗತಿಯ ಮಟ್ಟದ ಪಠ್ಯ ಕೊಟ್ಟು ಓದಿಸಿದಾಗ ಸುಮಾರು ಕಾಲು ಭಾಗದಷ್ಟು ಮಂದಿ ಸರಾಗವಾಗಿ ಓದಲಿಲ್ಲ. ಪ್ರೌಢಶಾಲಾ ಶಿಕ್ಷಕರಿಗೆ ಇದೇನೂ ಹೊಸ ಸುದ್ದಿಯಲ್ಲ. ಜೂನ್‌ನಲ್ಲಿ ನಾಲ್ಕಾರು ಹಿರಿಯ ಪ್ರಾಥಮಿಕ ಶಾಲೆಗಳಿಂದ ಬಂದು ಒಂದೇ ಕೊಠಡಿಯಲ್ಲಿ ಕೂರುವ ಮಕ್ಕಳಲ್ಲಿ ಒಬ್ಬಳು ದಿನಪತ್ರಿಕೆಯ ಸಂಪಾದಕೀಯವನ್ನು ಓದಿ ಹೇಳುತ್ತಾಳೆ, ಅವಳ ಪಕ್ಕದವಳು ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ.

ವಿಧಾನಗಳಿಗೆ ಬರವಿಲ್ಲ. ಬಿ.ಇಡ್. ಟಿಪ್ಪಣಿಗಳಲ್ಲೂ ತರಬೇತಿ ಕೈಪಿಡಿಗಳಲ್ಲೂ ಹತ್ತಾರು ಹೆಸರುಗಳಿವೆ. ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಪ್ರತಿ ವಿಧಾನವೂ ಒಂದು ನಿರ್ದಿಷ್ಟ ತೊಡಕಿಗಾಗಿ ಹುಟ್ಟಿದ್ದು. ಅಕ್ಷರದಲ್ಲಿ ತಡವರಿಸುವ ಹುಡುಗನಿಗೆ ಸಾರಾಂಶ ಬರೆಯುವ ಚಟುವಟಿಕೆ ಕೊಟ್ಟರೆ ಅವನು ಪಕ್ಕದವನದನ್ನು ನಕಲು ಮಾಡುತ್ತಾನೆ. ಓದಿದ್ದು ಅರ್ಥವಾಗದ ಹುಡುಗಿಗೆ ಗಟ್ಟಿಯಾಗಿ ಓದುವ ಅಭ್ಯಾಸ ಕೊಟ್ಟರೆ ಅವಳು ಇನ್ನೂ ಚೆನ್ನಾಗಿ, ಅರ್ಥವಾಗದೆಯೇ, ಓದುತ್ತಾಳೆ. ಹಾಗಾಗಿ ಮೊದಲು ತೊಡಕನ್ನು ಹುಡುಕಬೇಕು, ಆಮೇಲೆ ವಿಧಾನವನ್ನು.

ತೊಡಕು ಎಲ್ಲಿದೆ?

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರಗಳನ್ನು ಬಿಡಿಸಿ ಓದುವ ಶಕ್ತಿ ಒಂದು ಕಡೆ, ಕೇಳಿದ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು ಕಡೆ. ಗುಣಾಕಾರವಾದ್ದರಿಂದ ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ಶಿಕ್ಷಕರಿಗೆ ಇದಕ್ಕಿಂತ ಕೆಲಸಕ್ಕೆ ಬರುವ ಸಿದ್ಧಾಂತ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ.

ಶಾಲೆ ಆರಂಭವಾದಾಗ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದ ದಿನಗಳಲ್ಲಿ ಹೇಗೂ ಪೂರ್ವ ಪರೀಕ್ಷೆ ನಡೆಯುತ್ತದೆ. ಅದು ಬರವಣಿಗೆಯದು. ಅದರ ಜೊತೆಗೆ ಒಂದು ಮೌಖಿಕ ಪರೀಕ್ಷೆ ಇಟ್ಟುಕೊಳ್ಳಿ. ಏಳನೇ ತರಗತಿಯ ಮಟ್ಟದ, ಮಕ್ಕಳು ಹಿಂದೆ ಓದಿರದ ನೂರು ಪದಗಳ ಗದ್ಯಭಾಗ ಸಾಕು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ತಪ್ಪಿದ ಪದಗಳ ಕೆಳಗೆ ನಿಮ್ಮ ಪ್ರತಿಯಲ್ಲಿ ಗೆರೆ ಎಳೆಯಿರಿ, ಹಿಡಿದ ಸಮಯ ಬರೆದುಕೊಳ್ಳಿ. ನಂತರ ಎರಡು ಪ್ರಶ್ನೆ. ಅವುಗಳ ಉತ್ತರ ಒಂದೇ ವಾಕ್ಯದಲ್ಲಿ ಸಿದ್ಧವಾಗಿ ಸಿಗುವಂತಿರಬಾರದು. ಕೊನೆಗೆ ಅಷ್ಟೇ ಕಷ್ಟದ ಇನ್ನೊಂದು ಭಾಗವನ್ನು ನೀವೇ ಓದಿ ಹೇಳಿ, ಅದರ ಮೇಲೂ ಎರಡು ಪ್ರಶ್ನೆ ಕೇಳಿ. ಮಗುವಿಗೆ ಐದು ನಿಮಿಷ ಹಿಡಿದರೆ ನಲವತ್ತು ಮಕ್ಕಳಿಗೆ ಇನ್ನೂರು ನಿಮಿಷ, ಅಂದರೆ ಐದು ಪಿರಿಯಡ್. ಉಳಿದವರಿಗೆ ಆ ಹೊತ್ತಿನಲ್ಲಿ ಬರೆಯುವ ಕೆಲಸ ಕೊಡಬಹುದು. ವರ್ಷದಲ್ಲಿ ಐದು ಪಿರಿಯಡ್ ದೊಡ್ಡ ಖರ್ಚೇನಲ್ಲ.

ಕೇಳಿದ್ದು ತಿಳಿಯುತ್ತದೆ, ಓದಿದ್ದು ತಪ್ಪುತ್ತದೆ ಎಂದಾದರೆ ತೊಡಕು ಅಕ್ಷರದಲ್ಲಿದೆ. ತಪ್ಪಿಲ್ಲದೆ ಓದಿದರೂ ಪದ ಪದಕ್ಕೆ ನಿಲ್ಲುತ್ತಿದ್ದರೆ, ವಾಕ್ಯ ಮುಗಿಯುವ ಹೊತ್ತಿಗೆ ಅದರ ಆರಂಭ ಮರೆತಿದ್ದರೆ ತೊಡಕು ವೇಗದಲ್ಲಿದೆ. ಸರಾಗವಾಗಿ ಓದಿಯೂ, ನೀವು ಓದಿ ಹೇಳಿದಾಗಲೂ, ಉತ್ತರ ಬರದಿದ್ದರೆ ತೊಡಕು ಪದಸಂಪತ್ತಿನಲ್ಲಿ, ವಿಷಯದ ತಿಳಿವಳಿಕೆಯಲ್ಲಿ, ಅರ್ಥಗ್ರಹಣದಲ್ಲಿದೆ.

ಈ ಮೂರನೆಯ ಗುಂಪು ಕನ್ನಡದಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ನಮ್ಮದು ಬರೆದಂತೆ ಓದುವ ಲಿಪಿ. ಕಾಗುಣಿತ, ಒತ್ತಕ್ಷರ ಕೈವಶವಾದರೆ ಅರ್ಥ ತಿಳಿಯದ ಪದವನ್ನೂ ಸ್ಪಷ್ಟವಾಗಿ ಉಚ್ಚರಿಸಬಹುದು. ಹಾಗೆ ಗಂಟೆ ಬಾರಿಸಿದಂತೆ ಓದುವ ಮಗುವನ್ನು ಜಾಣ ಎಂದು ಮುಂದಕ್ಕೆ ಕಳಿಸಿಬಿಡುತ್ತೇವೆ. ಅತ್ತ ಕಡೆ, ತಪ್ಪಲ್ಲದ್ದನ್ನು ತಪ್ಪೆಂದು ಎಣಿಸುವ ಅಪಾಯವೂ ಇದೆ. ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿ ಅದು ಬೆಳಿಗ್ಗೆ ಕುಡಿಯುವುದು ಎಂದು ಸರಿಯಾಗಿ ಹೇಳುವ ಮಗುವಿಗೆ ಓದಿನ ತೊಂದರೆ ಇಲ್ಲ. ಅದು ಮನೆಯ ಮಾತಿನ ಉಚ್ಚಾರಣೆ. ಮಹಾಪ್ರಾಣದ ವಿಷಯವೂ ಹಾಗೆಯೇ. ಉಚ್ಚಾರಣೆ ತಿದ್ದಬೇಕೆನಿಸಿದರೆ ಬೇರೆ ಹೊತ್ತಿನಲ್ಲಿ ತಿದ್ದಿ, ಓದಿನ ಲೆಕ್ಕಕ್ಕೆ ಸೇರಿಸಬೇಡಿ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಈಗ ನಡೆಯುತ್ತಿರುವುದು: ಸರದಿ ಓದು ಮತ್ತು ವಿವರಣೆ

ಹೆಚ್ಚಿನ ತರಗತಿಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಒಂದೊಂದು ಪ್ಯಾರಾ ಓದುತ್ತಾರೆ, ಉಳಿದವರು ಪುಸ್ತಕದಲ್ಲಿ ಬೆರಳಿಟ್ಟು ಹಿಂಬಾಲಿಸುತ್ತಾರೆ. ತರಗತಿ ಶಿಸ್ತಾಗಿ ಕಾಣುತ್ತದೆ. ಆದರೆ ನಲವತ್ತು ನಿಮಿಷದ ಅವಧಿಯನ್ನು ನಲವತ್ತು ಮಕ್ಕಳಿಗೆ ಹಂಚಿದರೆ ತಲೆಗೆ ಒಂದು ನಿಮಿಷ. ತನ್ನ ಸರದಿ ಬರುವವರೆಗೆ ಮಗು ತನ್ನ ಪಾಲಿನ ಪ್ಯಾರಾ ಯಾವುದೆಂದು ಎಣಿಸುತ್ತಿರುತ್ತದೆ. ಸರದಿ ಮುಗಿದ ಮೇಲೆ ಕಿಟಕಿಯ ಹೊರಗೆ ನೋಡುತ್ತದೆ. ತಡವರಿಸುವವರಿಗೆ ಅದು ಎಲ್ಲರೆದುರು ಅವಮಾನ, ಚೆನ್ನಾಗಿ ಓದುವವರಿಗೆ ಬೇಸರ. ಮೇಲೆ ಹೇಳಿದ ಮೂರು ಗುಂಪುಗಳಲ್ಲಿ ಯಾವುದಕ್ಕೂ ಇದು ಸರಿಹೊಂದುವುದಿಲ್ಲ. ಬಿಡಲೇಬೇಕಾದದ್ದು ಯಾವುದೆಂದು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನೊಂದು ರೂಢಿ ಶಿಕ್ಷಕರೇ ಪಾಠವನ್ನು ಕಥೆಯಂತೆ ಹೇಳಿ ಮುಗಿಸಿ ಪ್ರಶ್ನೋತ್ತರ ಬರೆಸುವುದು. ಒಳ್ಳೆಯ ಮಾತುಗಾರ ಮೇಷ್ಟರ ತರಗತಿಯಲ್ಲಿ ಮಕ್ಕಳು ಮೈಮರೆತು ಕೇಳುತ್ತಾರೆ. ಕೇಳುವುದರಿಂದ ಪದಸಂಪತ್ತು ಬೆಳೆಯುತ್ತದೆ, ಹಾಗಾಗಿ ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಪುಸ್ತಕವನ್ನು ತೆರೆಯದೆಯೇ ಪಾಠ ಮುಗಿಯುತ್ತದೆ, ಓದುವ ಕೆಲಸವೆಲ್ಲ ಶಿಕ್ಷಕರದ್ದೇ ಆಗಿಬಿಡುತ್ತದೆ. ಒಂದು ಸಣ್ಣ ಬದಲಾವಣೆ ಸಾಕು: ವಿವರಣೆ ಓದಿನ ಮೊದಲು ಬೇಡ, ನಂತರ ಇರಲಿ.

ಅಕ್ಷರದಲ್ಲಿ ತಡವರಿಸುವವರಿಗೆ

ಇಲ್ಲಿ ಆಯ್ಕೆ ಎರಡು. ತರಗತಿಯೊಳಗೇ ಉಳಿದವರ ಜೊತೆ ಎಳೆದುಕೊಂಡು ಹೋಗುವುದು, ಇಲ್ಲವೇ ದಿನಕ್ಕೆ ಅರ್ಧ ಗಂಟೆ ಬೇರೆ ಕೂರಿಸಿ ಪರಿಹಾರ ಬೋಧನೆ ಮಾಡುವುದು. ನನ್ನ ಮತ ನಿಸ್ಸಂಶಯವಾಗಿ ಎರಡನೆಯದಕ್ಕೆ. ವಯಸ್ಸಿಗೂ ತರಗತಿಗೂ ಬದಲು ಮಗು ಈಗ ಇರುವ ಮಟ್ಟವನ್ನು ನೋಡಿ ಗುಂಪು ಮಾಡುವುದನ್ನು ಪ್ರಥಮ್ ಸಂಸ್ಥೆ ಪ್ರಾಥಮಿಕ ತರಗತಿಗಳಲ್ಲಿ ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಅದರ ತಿರುಳು ಪ್ರೌಢಶಾಲೆಗೂ ಒಪ್ಪುತ್ತದೆ.

ಒಪ್ಪದಿರುವುದು ಸಾಮಗ್ರಿ. ಮೀಸೆ ಚಿಗುರುತ್ತಿರುವ ಹುಡುಗನ ಕೈಗೆ ಚಿಕ್ಕ ತರಗತಿಗಳ ನಲಿ-ಕಲಿ ಕಾರ್ಡು ಕೊಟ್ಟರೆ ಅವನು ಮರುದಿನದಿಂದ ಶಾಲೆಗೆ ಬರುವುದಿಲ್ಲ. ಅವನಿಗೆ ಬೇಕಾದ ಅಕ್ಷರಗಳು ಕ್ರಿಕೆಟ್ ವರದಿಯಲ್ಲಿವೆ, ಬಸ್ಸಿನ ಫಲಕದಲ್ಲಿವೆ, ಸಿನಿಮಾ ಜಾಹೀರಾತಿನಲ್ಲಿವೆ, ಗೊಬ್ಬರದ ಚೀಲದ ಮೇಲಿವೆ. ಇನ್ನೊಂದು ವಿಷಯ: ಕನ್ನಡದ 34 ವ್ಯಂಜನಗಳ ಗುಣಿತಾಕ್ಷರಗಳೇ ನಾನೂರು ದಾಟುತ್ತವೆ, ಒತ್ತಕ್ಷರ ಬೇರೆ. ಆದ್ದರಿಂದ ಅ, ಆ, ಇ, ಈಯಿಂದ ಮತ್ತೆ ಆರಂಭಿಸಿದರೆ ವರ್ಷ ಮುಗಿದರೂ ಮುಗಿಯದು. ಹೆಚ್ಚಿನ ಮಕ್ಕಳಿಗೆ ಮೂಲಾಕ್ಷರ ಬರುತ್ತದೆ. ತಪ್ಪುವುದು ಕೆಲವೇ ಕಡೆ: ಎತ್ವ-ಏತ್ವ, ಒತ್ವ-ಓತ್ವಗಳ ದೀರ್ಘದಲ್ಲಿ, ವಿಜಾತೀಯ ಒತ್ತಿನಲ್ಲಿ, ಅರ್ಕಾವೊತ್ತಿನಲ್ಲಿ. ಅರ್ಕಾವೊತ್ತು ನಿಜಕ್ಕೂ ಮಕ್ಕಳನ್ನು ಕಾಡುವ ಚಿಹ್ನೆ, ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅಕ್ಷರದ ಮೊದಲು. ಮೌಖಿಕ ಪರೀಕ್ಷೆಯಲ್ಲಿ ನೀವು ಎಳೆದ ಗೆರೆಗಳನ್ನು ನೋಡಿದರೆ ಪ್ರತಿ ಮಗುವಿನ ತಪ್ಪು ಎಲ್ಲಿ ಗುಂಪುಗೂಡಿದೆ ಎಂದು ತಿಳಿಯುತ್ತದೆ. ಅಷ್ಟನ್ನು ಮಾತ್ರ ಕಲಿಸಿ.

ಈ ಗುಂಪನ್ನು ಯಾರು ನಡೆಸಬೇಕು? ಕನ್ನಡ ಶಿಕ್ಷಕರೇ ಆಗಬೇಕೆಂದಿಲ್ಲ. ಗಣಿತದ ಮೇಡಂ ಆದರೂ ಸರಿ. ದಿನವೂ ನಡೆಯಬೇಕು ಎಂಬುದೊಂದೇ ಷರತ್ತು. ಶನಿವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ವಾಸಿ.

ನಿಧಾನವಾಗಿ ಓದುವವರಿಗೆ

ಇವರಿಗೆ ಮೂರು ದಾರಿಗಳಿವೆ: ಶಿಕ್ಷಕರ ಮಾದರಿ ಓದಿನ ನಂತರ ಇಡೀ ತರಗತಿ ದನಿಗೂಡಿಸುವ ಗುಂಪು ಓದು, ಇಬ್ಬಿಬ್ಬರು ಕೂತು ಒಂದೇ ಭಾಗವನ್ನು ಮತ್ತೆ ಮತ್ತೆ ಓದುವ ಜೋಡಿ ಓದು, ಗ್ರಂಥಾಲಯ ಅವಧಿಯ ಮೌನ ಓದು.

ಗುಂಪು ಓದಿನಲ್ಲಿ ಅಂಜಿಕೆ ಇಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದಗಳನ್ನು ಕೂಡಿಸಿ ಹೇಳಬೇಕು ಎಂಬುದು ಕಿವಿಗೆ ಬೀಳುತ್ತದೆ. ಆದರೆ ಹಿಂದಿನ ಬೆಂಚಿನವರು ಬಾಯಿ ಆಡಿಸುತ್ತಿದ್ದಾರೋ ಓದುತ್ತಿದ್ದಾರೋ ಗೊತ್ತಾಗದು. ಹತ್ತು ನಿಮಿಷಕ್ಕಿಂತ ಹೆಚ್ಚು ಮಾಡಿದರೆ ಅದು ಗದ್ದಲವಾಗುತ್ತದೆ, ಪಕ್ಕದ ಕೊಠಡಿಯಿಂದ ದೂರೂ ಬರುತ್ತದೆ.

ವೇಗಕ್ಕೆ ನನ್ನ ಆಯ್ಕೆ ಜೋಡಿಯ ಮರು ಓದು. ಅಮೆರಿಕದ ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ಇದನ್ನು ವಿವರಿಸಿದರು: ಚಿಕ್ಕ ಭಾಗವೊಂದನ್ನು ತೃಪ್ತಿಕರ ವೇಗ ಬರುವವರೆಗೆ ಮತ್ತೆ ಮತ್ತೆ ಓದುವುದು, ಆಮೇಲೆ ಹೊಸ ಭಾಗಕ್ಕೆ ಹೋಗುವುದು. ತರಗತಿಯಲ್ಲಿ ಹೀಗೆ ಮಾಡಬಹುದು. ಸ್ವಲ್ಪ ಚೆನ್ನಾಗಿ ಓದುವವರನ್ನು ಸ್ವಲ್ಪ ಹಿಂದಿರುವವರ ಜೊತೆ ಕೂರಿಸಿ. ಅತಿ ಜಾಣರನ್ನು ಅತಿ ಹಿಂದಿರುವವರ ಜೊತೆ ಕೂರಿಸಿದರೆ ಇಬ್ಬರಿಗೂ ಕಿರಿಕಿರಿ. ಒಬ್ಬ ಒಂದು ನಿಮಿಷ ಓದುತ್ತಾನೆ, ಇನ್ನೊಬ್ಬ ಪೆನ್ಸಿಲ್ ಹಿಡಿದು ತಪ್ಪು ಗುರುತಿಸಿ, ನಿಂತ ಜಾಗಕ್ಕೆ ಗೆರೆ ಹಾಕುತ್ತಾನೆ. ಅದೇ ಭಾಗವನ್ನು ಮೂರು ಸಲ. ಮೂರನೆಯ ಸಲ ಗೆರೆ ಮುಂದೆ ಸರಿದಿರುವುದು ಕಣ್ಣಿಗೆ ಕಾಣುತ್ತದೆ, ಮಕ್ಕಳಿಗೆ ಅದರಷ್ಟು ಉತ್ಸಾಹ ಕೊಡುವುದು ಬೇರೊಂದಿಲ್ಲ. ಹದಿನೈದು ನಿಮಿಷದಲ್ಲಿ ತರಗತಿಯ ಪ್ರತಿ ಮಗುವೂ ಸರದಿ ಓದಿನಲ್ಲಿ ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಓದಿರುತ್ತದೆ. ಒಬ್ಬರ ಗೆರೆಯನ್ನು ಇನ್ನೊಬ್ಬರ ಗೆರೆಗೆ ಹೋಲಿಸುವ ಪಟ್ಟಿಯನ್ನು ಮಾತ್ರ ಗೋಡೆಗೆ ಅಂಟಿಸಬೇಡಿ.

ಮೌನ ಓದು ಒಳ್ಳೆಯದು, ಆದರೆ ಈ ಗುಂಪಿಗಲ್ಲ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದಾಗ, ತಿದ್ದುವವರು ಪಕ್ಕದಲ್ಲಿದ್ದು ಗಟ್ಟಿಯಾಗಿ ಮರು ಓದು ಮಾಡಿಸಿದರೆ ಫಲವಿದೆ ಎಂದು ಕಂಡಿತು. ಸುಮ್ಮನೆ ಮೌನವಾಗಿ ಓದಲು ಬಿಟ್ಟರೆ ಸರಾಗತೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಈಗಾಗಲೇ ಸರಾಗವಾಗಿ ಓದುವವರಿಗೆ ಮೌನ ಓದು ಹಬ್ಬ. ತಡವರಿಸುವವರಿಗೆ ಅದು ಪುಟ ತಿರುಗಿಸುತ್ತಾ ಗಂಟೆ ಹೊಡೆಯುವುದನ್ನು ಕಾಯುವ ಅವಧಿ.

ಓದುತ್ತಾರೆ, ತಿಳಿಯುವುದಿಲ್ಲ

ಪ್ರೌಢಶಾಲೆಯ ನಿಜವಾದ ಕೆಲಸ ಇರುವುದು ಇಲ್ಲಿ. ಒಂದು ವಾಕ್ಯ ನೋಡಿ: ‘ಕೆರೆ ಕೋಡಿ ಹರಿದ ವರ್ಷ ಊರಿನಲ್ಲಿ ಜಗಳಗಳು ಕಡಿಮೆ.’ ಏಕೆ ಕಡಿಮೆ ಎಂದು ಕೇಳಿದರೆ, ಕೋಡಿ ಹರಿಯುವುದೆಂದರೆ ಕೆರೆ ತುಂಬಿ ಹೆಚ್ಚಿನ ನೀರು ಹೊರಹೋಗುವುದು ಎಂದು ಗೊತ್ತಿರಬೇಕು. ನೀರಿಗಾಗಿ ಜಗಳವಾಗುತ್ತದೆ ಎಂದು ಗೊತ್ತಿರಬೇಕು. ಈ ಎರಡನ್ನೂ ಜೋಡಿಸಬೇಕು. ವಾಕ್ಯದಲ್ಲಿ ನೀರು ಎಂಬ ಪದವೇ ಇಲ್ಲ. ಕೋಲಾರದ ಹಳ್ಳಿಯ ಹುಡುಗ ಕಷ್ಟಪಟ್ಟು ಓದಿದರೂ ಉತ್ತರ ಹೇಳಿಬಿಡಬಹುದು. ಬೆಂಗಳೂರಿನ ಹುಡುಗಿ ಮುತ್ತು ಪೋಣಿಸಿದಂತೆ ಓದಿ ಸುಮ್ಮನೆ ನಿಲ್ಲಬಹುದು.

ಇದಕ್ಕೆ ಸಾಮಾನ್ಯ ಉಪಾಯ ಪಾಠದ ಕೊನೆಯ ಪ್ರಶ್ನೋತ್ತರ. ಅದು ಅರ್ಥವಾಗಿದೆಯೇ ಎಂದು ಪರೀಕ್ಷಿಸುತ್ತದೆ, ಅರ್ಥಮಾಡಿಕೊಳ್ಳುವುದು ಹೇಗೆಂದು ಕಲಿಸುವುದಿಲ್ಲ. ಅದಕ್ಕಿಂತ ಪರಿಣಾಮಕಾರಿಯಾದದ್ದು ‘ಪರಸ್ಪರ ಬೋಧನೆ’. 1984ರಲ್ಲಿ ಅನ್ನೆಮೇರಿ ಪಾಲಿನ್ಸಾರ್ ಮತ್ತು ಆನ್ ಬ್ರೌನ್ ಇದನ್ನು ಪ್ರಯೋಗಿಸಿದ್ದು ಏಳನೇ ತರಗತಿಯ ಮಕ್ಕಳ ಮೇಲೆ, ಅದರಲ್ಲೂ ಅಕ್ಷರ ಬಿಡಿಸಿ ಓದಬಲ್ಲ, ಆದರೆ ಓದಿದ್ದು ತಿಳಿಯದ ಮಕ್ಕಳ ಮೇಲೆ. ಅಂದರೆ ಸರಿಯಾಗಿ ನಮ್ಮ ಮೂರನೆಯ ಗುಂಪು. ಒಂದೊಂದು ಪ್ಯಾರಾ ಆದಮೇಲೆ ನಾಲ್ಕು ಕೆಲಸ: ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಪ್ರಶ್ನೆ ಹಾಕುವುದು, ಸಾರ ಹೇಳುವುದು, ಮುಂದೇನು ಬರಬಹುದೆಂದು ಊಹಿಸುವುದು. ಮೊದಮೊದಲು ಶಿಕ್ಷಕರು ಎಲ್ಲರಿಗೂ ಕೇಳುವಂತೆ ಮಾಡಿ ತೋರಿಸುತ್ತಾರೆ. ನಂತರ ಮಕ್ಕಳು ಸರದಿಯಂತೆ ಶಿಕ್ಷಕರ ಜಾಗಕ್ಕೆ ಬರುತ್ತಾರೆ.

ಕನ್ನಡ ತರಗತಿಯಲ್ಲಿ ಇದನ್ನು ನಡೆಸುವಾಗ ಎರಡು ಕಡೆ ಗಾಡಿ ನಿಲ್ಲುತ್ತದೆ. ಮೊದಲನೆಯದು, ನಮ್ಮ ಮಕ್ಕಳಿಗೆ ‘ತಿಳಿಯಲಿಲ್ಲ’ ಎನ್ನುವ ಅಭ್ಯಾಸವೇ ಇಲ್ಲ. ಅರ್ಥವಾಯಿತೇ ಎಂದರೆ ಇಡೀ ತರಗತಿ ಒಕ್ಕೊರಲಿನಿಂದ ‘ಆಯ್ತು ಸಾರ್’ ಎನ್ನುತ್ತದೆ. ಅದಕ್ಕೆ ಪ್ರತಿ ಗುಂಪೂ ಪ್ಯಾರಾಗೆ ಕನಿಷ್ಠ ಎರಡು ತಿಳಿಯದ ಪದ ಅಥವಾ ವಾಕ್ಯ ಗುರುತಿಸಲೇಬೇಕು ಎಂಬ ನಿಯಮ ಮಾಡಿ. ಎಲ್ಲರೂ ಹೇಳಲೇಬೇಕಾದಾಗ ನಾಚಿಕೆ ಹೋಗುತ್ತದೆ. ಎರಡನೆಯದು, ಪ್ರಶ್ನೆ ಹಾಕಿ ಎಂದರೆ ‘ಯಾರು, ಎಲ್ಲಿ, ಯಾವಾಗ’ ಎಂಬಲ್ಲೇ ನಿಲ್ಲುತ್ತಾರೆ. ‘ಏಕೆ’, ‘ಹಾಗಾಗದಿದ್ದರೆ ಏನಾಗುತ್ತಿತ್ತು’ ಎಂದು ಆರಂಭವಾಗುವ ಪ್ರಶ್ನೆಗಳನ್ನಷ್ಟೇ ಒಪ್ಪಿಕೊಳ್ಳಿ. ಆರಂಭದಲ್ಲಿ ಒಂದು ಪ್ಯಾರಾಕ್ಕೆ ಇಡೀ ಪಿರಿಯಡ್ ಹೋದೀತು. ಪಾಠ ಹಿಂದೆ ಬೀಳುವ ಆತಂಕ ಸಹಜ, ಅದಕ್ಕೇ ವಾರಕ್ಕೆ ಒಂದೇ ದಿನ, ಪಾಠದ ಅತಿ ಕಷ್ಟದ ಪ್ಯಾರಾಕ್ಕೆ ಮಾತ್ರ ಇದನ್ನು ಮೀಸಲಿಡಿ.

ಪುಟದ ಮೇಲೆ ಕಣ್ಣಾಡಿಸಿ, ಪ್ರಶ್ನೆ ಮಾಡಿಕೊಂಡು, ಓದಿ, ನೆನಪಿಸಿಕೊಂಡು, ಪರಿಶೀಲಿಸುವ ಎಸ್‌ಕ್ಯೂ3ಆರ್ ಎಂಬ ಐದು ಹೆಜ್ಜೆಯ ಕ್ರಮವೂ ಇದೆ. 1946ರಲ್ಲಿ ಫ್ರಾನ್ಸಿಸ್ ರಾಬಿನ್ಸನ್ ಅದನ್ನು ರೂಪಿಸಿದ್ದು ಕಾಲೇಜು ವಿದ್ಯಾರ್ಥಿಗಳಿಗಾಗಿ. ಹತ್ತನೇ ತರಗತಿಯ ಚುರುಕಾದ ಮಕ್ಕಳು ಸಮಾಜ ವಿಜ್ಞಾನವನ್ನು ಒಬ್ಬರೇ ಕೂತು ಓದಿಕೊಳ್ಳಲು ಸರಿ, ಉಳಿದವರಿಗೆ ಅವಸರ ಬೇಡ.

ವಿಜ್ಞಾನದ ಪುಟ, ಷಟ್ಪದಿಯ ಪುಟ

ಓದು ಕಲಿಸುವುದು ಭಾಷಾ ಶಿಕ್ಷಕರ ಪಾಲು ಎಂಬ ಒಪ್ಪಂದ ಎಲ್ಲಿಯೂ ಬರೆದಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ, ವಕ್ರೀಭವನ, ಪ್ರತ್ಯಾಮ್ಲ, ಉತ್ಕರ್ಷಣದಂಥ ಪದಗಳು ಸಾಲಾಗಿ ನಿಂತಿರುತ್ತವೆ. ಕನ್ನಡದ ತರಗತಿಯಲ್ಲಿ ಇವು ಬರುವುದೇ ಇಲ್ಲ. ಪಾಠ ಆರಂಭಿಸುವ ಮೊದಲು ಐದಾರು ಪದಗಳನ್ನು ಹಲಗೆಯ ಮೇಲೆ ಬಿಡಿಸಿ ಬರೆದು, ಗಟ್ಟಿಯಾಗಿ ಓದಿಸಿ, ಒಂದೊಂದು ಉದಾಹರಣೆ ಕೊಟ್ಟರೆ ಹತ್ತು ನಿಮಿಷ ಹಿಡಿಯುತ್ತದೆ. ಪದಗಳನ್ನು ಪಾಠದ ಕೊನೆಯಲ್ಲಿ ಅರ್ಥಪಟ್ಟಿಯಾಗಿ ಬರೆಸುವುದಕ್ಕಿಂತ ಇದು ಮೇಲು, ಏಕೆಂದರೆ ಓದುವಾಗ ಬೇಕಾದದ್ದು ಓದಿದ ಮೇಲೆ ಸಿಕ್ಕಿ ಪ್ರಯೋಜನವಿಲ್ಲ.

ಕಾವ್ಯಭಾಗದಲ್ಲಿ ಮಾತ್ರ ನಾವು ಹೊರಗಿನಿಂದ ವಿಧಾನ ತರಬೇಕಾಗಿಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಸಂಧಿಯಾದ ಪದಗಳು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ದಾಟುತ್ತವೆ. ಹಾಗಾಗಿ ಕಣ್ಣಿಗೆ ಕಾಣುವ ತುಂಡುಗಳಿಗೂ ಅರ್ಥದ ತುಂಡುಗಳಿಗೂ ತಾಳೆಯಾಗುವುದಿಲ್ಲ. ಪದವಿಭಾಗ, ಪ್ರತಿಪದಾರ್ಥ, ಅನ್ವಯ (ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸುವುದು), ತಾತ್ಪರ್ಯ ಎಂಬ ಹಳೆಯ ಕ್ರಮ ಈ ತೊಡಕಿಗೇ ಹೇಳಿ ಮಾಡಿಸಿದ್ದು. ಪದವಿಭಾಗವನ್ನೂ ಅನ್ವಯವನ್ನೂ ಮಕ್ಕಳೇ ಮಾಡಿದರೆ ಅದು ಅತ್ಯುತ್ತಮ ಓದಿನ ಪಾಠ. ಶಿಕ್ಷಕರು ಹೇಳಿ ಬರೆಸಿದರೆ, ಅಥವಾ ಗೈಡಿನಿಂದ ತಾತ್ಪರ್ಯವನ್ನಷ್ಟೇ ನಕಲು ಮಾಡಿಸಿದರೆ, ಬರೀ ಕೈಬರಹದ ಅಭ್ಯಾಸ. ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ವಾಚನದ, ಧ್ವನಿಮುದ್ರಿಕೆಯನ್ನು ಮೊದಲು ಕೇಳಿಸುವುದೋ ಕೊನೆಗೋ ಎಂಬುದರಲ್ಲಿ ಶಿಕ್ಷಕರಲ್ಲಿ ಎರಡು ಮತಗಳಿವೆ. ನಾನು ಮೊದಲು ಎನ್ನುವವರ ಕಡೆ. ಒಳ್ಳೆಯ ಗಮಕಿ ಪದವನ್ನು ಒಡೆಯುವ ಜಾಗದಲ್ಲೇ ಅರ್ಧ ಅರ್ಥ ಹೇಳಿಬಿಡುತ್ತಾರೆ.

ಹತ್ತನೇ ತರಗತಿಯಲ್ಲಿ ಸಮಯವೆಲ್ಲಿದೆ?

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಡಿಸೆಂಬರ್ ದಾಟಿದ ಮೇಲೆ ಪಾಸಿಂಗ್ ಪ್ಯಾಕೇಜ್‌ನದ್ದೇ ರಾಜ್ಯಭಾರ. ಬರುವ ಸಾಧ್ಯತೆ ಹೆಚ್ಚಿರುವ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸುವುದನ್ನು ನಾನು ಖಂಡಿಸಲು ಹೋಗುವುದಿಲ್ಲ. ಪಾಸಾಗುವಷ್ಟು ಅಂಕ ಬಂದರೆ ಒಂದು ಹುಡುಗಿಯ ಮದುವೆ ಎರಡು ವರ್ಷ ಮುಂದೆ ಹೋಗುತ್ತದೆ ಎಂಬ ಊರುಗಳಿವೆ. ಆದರೆ ಪ್ರಶ್ನೆಯನ್ನೇ ಓದಿ ತಿಳಿಯಲಾಗದವನಿಗೆ ಬಾಯಿಪಾಠದ ಉತ್ತರವನ್ನು ಎಲ್ಲಿ ಬರೆಯಬೇಕೆಂದು ಗೊತ್ತಾಗುವುದಿಲ್ಲ. ಅದಕ್ಕೆ ಹತ್ತನೇ ತರಗತಿಯಲ್ಲಿ ಬೇರೆಲ್ಲ ಬಿಟ್ಟರೂ ಎರಡನ್ನು ಉಳಿಸಿಕೊಳ್ಳಿ: ಹಳೆಯ ಪ್ರಶ್ನೆಪತ್ರಿಕೆಗಳ ಪ್ರಶ್ನೆವಾಕ್ಯಗಳನ್ನೇ ಇಟ್ಟುಕೊಂಡು ಜೋಡಿ ಮರು ಓದು, ವಾರಕ್ಕೊಂದು ಅಪಠಿತ ಗದ್ಯಕ್ಕೆ ಪರಸ್ಪರ ಬೋಧನೆ. ಪೂರ್ಣ ಪ್ರಮಾಣದ ಪರಿಹಾರ ಬೋಧನೆಗೆ ಕಾಲ ಎಂಟನೇ ತರಗತಿ, ತಪ್ಪಿದರೆ ಒಂಬತ್ತು.

ಓದಲು ಏನು ಕೊಡುವುದು?

ಶಾಲೆಯ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ಬಹುಪಾಲು ಶಾಲೆಗಳ ಗ್ರಂಥಾಲಯ ಚರಿತ್ರೆ. ಅದು ಸಿಗದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಇದೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುವ ವ್ಯವಸ್ಥೆ ಬಂತು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ಬೇರ್ಪಡಿಸಿ ಸಿಗುತ್ತವೆ, ಮುದ್ರಿಸಿ ಹಂಚಲು ಅಡ್ಡಿಯಿಲ್ಲ. ಚಿತ್ರಗಳು ಚಿಕ್ಕ ಮಕ್ಕಳವು ಎಂದು ದೊಡ್ಡವರು ಮೂಗು ಮುರಿದರೆ ಒಂದು ಉಪಾಯವಿದೆ, ‘ಮೂರನೇ ತರಗತಿಯವರಿಗೆ ಓದಿ ಹೇಳಲು ಅಭ್ಯಾಸ ಮಾಡಿಕೊಳ್ಳಿ’ ಎನ್ನಿ. ಆಗ ಅದೇ ಪುಸ್ತಕವನ್ನು ಮರ್ಯಾದೆಯಿಂದ ಹತ್ತು ಸಲ ಓದುತ್ತಾರೆ.

ದಸರಾ ರಜೆ ಮುಗಿದ ವಾರ ಜೂನ್‌ನ ಮೌಖಿಕ ಪರೀಕ್ಷೆಯನ್ನು ಅಷ್ಟೇ ಕಷ್ಟದ ಬೇರೆ ಗದ್ಯಭಾಗದ ಮೇಲೆ ಮತ್ತೆ ಮಾಡಿ. ಸ್ವಲ್ಪವೂ ಕದಲದ ಮಗು ಇದ್ದರೆ ವಿಧಾನವನ್ನು ಬದಲಿಸುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವಿನ ಹೆಸರನ್ನು ನೀವೇ ಮುಂದಾಗಿ ಹೇಳಿ. ಕಣ್ಣು ಸರಿಯಿದ್ದು, ದಿನವೂ ಕಲಿಸಿಯೂ ಅಕ್ಷರಗಳು ಅದಲುಬದಲಾಗುತ್ತಲೇ ಇದ್ದರೆ ಅದು ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸಿದೆ. ಪರೀಕ್ಷೆಯಲ್ಲಿ ರಿಯಾಯಿತಿ ಕೇಳಲು ಪ್ರಮಾಣಪತ್ರ ಬೇಕು, ಅದಕ್ಕೆ ಓಡಾಟವೂ ಬೇಕು. ಪೋಷಕರನ್ನು ಎಂಟನೇ ತರಗತಿಯಲ್ಲೇ ಕರೆದು ಮಾತನಾಡಿ, ಹತ್ತನೇ ತರಗತಿಯ ಜನವರಿಯಲ್ಲಲ್ಲ.